ಎರಡನೇ ಕನ್ನಡಿ

ಗೋಣಿಕೊಪ್ಪದ ಬೈಪಾಸಿನಲ್ಲಿ ಎರಡು ಕುರ್ಚಿಯ ಅಂಗಡಿ ನನ್ನದು.
ಬಿದ್ದಪ್ಪನ ನೆತ್ತಿಯ ಸುದ್ದಿ
ಅವನಿಗಿಂತ ನಾಲ್ಕು ವರ್ಷ ಮೊದಲೇ ನನಗೆ ಗೊತ್ತಿತ್ತು. ಹೇಳಲಿಲ್ಲ.
ಕೇಳದವನಿಗೆ ಹೇಳಬಾರದು:
ಬಾಪ ಕಲಿಸಿದ ಮೂರು ಪಾಠಗಳಲ್ಲಿ ಅದೊಂದು.
ಉಳಿದೆರಡು ಅಂಗಡಿಯ ಗುಟ್ಟು.

ಕಾಫಿ ಕುಯ್ಲು ಮುಗಿಸಿ ಮೈಸೂರಿಗೆ ಹೋದ,
ಕಿಸೆಯಲ್ಲಿ ಒಂದು ಫೋಟೋ:
ಹಾಕಿ ಟೀಮು, ಮೊಣಕಾಲೂರಿ ಕೂತ ಸಾಲು,
ಗೋಲಿಯ ಎಡಕ್ಕೆ ಇವನು, ಇಪ್ಪತ್ತೆರಡು,
ಹುಬ್ಬು ಮುಗಿದಲ್ಲೇ ಕೂದಲು ಶುರು.
ಡಾಕ್ಟರು ಅದನ್ನು ಮರ್ಯಾದೆಯಿಂದ ನೋಡಿ
ಮರ್ಯಾದೆಯಿಂದಲೇ ಮಗುಚಿಟ್ಟರಂತೆ.
ನೇರಳೆ ಪೆನ್ನಿನಲ್ಲಿ ಹಣೆಗೆ ಗೆರೆ ಎಳೆದು
"ಇದು ನಲವತ್ತೊಂದರ ಗಡಿ. ಇದಕ್ಕಿಂತ ಕೆಳಗೆ ನೆಟ್ಟರೆ
ಐವತ್ತೈದಕ್ಕೆ ನೀವೇ ನನ್ನನ್ನು ಬಯ್ಯುತ್ತೀರಿ."
ಸರ್ವೆಯವನ ಹತ್ತಿರ ಮಾಡುವಂತೆ ಇವನು ಚೌಕಾಸಿ ಮಾಡಿದ.
ಅರ್ಧ ಬೆರಳು ಸಿಕ್ಕಿತು.

ಎರಡು ಸಾವಿರದ ಇನ್ನೂರು ಬುಡ.
ಕೇಳುವುದಕ್ಕೆ ದೊಡ್ಡ ಲೆಕ್ಕ. ಒಂದೂ ಹೊಸದಲ್ಲ,
ಹಿಂದಲೆಯಿಂದ ಕಿತ್ತು ಮುಂದಕ್ಕೆ ತಂದದ್ದು.
ಬರೆದು ಕೊಟ್ಟಿದ್ದರು. ಇವನು ಸಹಿ ಹಾಕಿದ್ದ.
ಸಹಿ ಹಾಕುವ ಕೈಗೂ ಆಸೆಪಡುವ ತಲೆಗೂ ನಡುವೆ
ಕುತ್ತಿಗೆ ಅಂತ ಒಂದಿದೆ, ಅದು ಬಗ್ಗುವುದಿಲ್ಲ.

ಮೂರನೇ ವಾರ, ತೋಟಗಳೆಲ್ಲ ಬೆಳ್ಳಗೆ ಹೂ ಬಿಟ್ಟಾಗ
ಶಟರ್ ಎತ್ತುವ ಮೊದಲೇ ಬಂದು ನಿಂತಿದ್ದ,
ಮುಷ್ಟಿಯಲ್ಲಿ ಮಡಿಸಿದ ಟಿಶ್ಯೂ.
"ಉದುರ್ತಾ ಇದೆ, ಮೊಯ್ದೂ. ನೆಟ್ಟದ್ದೆಲ್ಲ."
ಬಿಚ್ಚಿದೆ. ಹದಿನಾಲ್ಕು ಎಳೆ.
"ಹೆಸರೇ ಬಿದ್ದಪ್ಪ" ಅಂತ ತಾನೇ ಹೇಳಿ ನಗಲು ನೋಡಿದ.
ಉದುರುತ್ತದೆ ಅಂತ ಅವರು ಹೇಳಿರಲಿಲ್ಲವಾ ಅಂದೆ.
"ಹೇಳಿದ್ರು. ಎಲ್ಲರಿಗೂ ಹೀಗೇ ಅಂತ ಹೇಳಿದ್ರು."
ಎಲ್ಲರಲ್ಲಿ ತಾನೂ ಒಬ್ಬ ಅಂತ ತಿಳಿಯುವುದಕ್ಕೆ
ಮನುಷ್ಯನಿಗೆ ಮೂರು ವಾರ ಸಾಲದು.

ಬುಡ ಒಳಗಿದೆ, ಎಣಿಸಬೇಡ,
ಕೈಲ್ ಮುಹೂರ್ತ ಕಳೆದ ಮೇಲೆ ಬಾ ಅಂದೆ.
ಪ್ರತಿ ಸೋಮವಾರ ಬಂದ. ಮಂಗಳವಾರ ನನಗೆ ರಜೆ,
ಇಲ್ಲದಿದ್ದರೆ ಅದಕ್ಕೂ ಬರುತ್ತಿದ್ದ.
ಶೇವಿಂಗಿನ ನೆಪ. ಟ್ಯೂಬ್‌ಲೈಟಿನ ಕೆಳಗೆ
ಹಣೆಯನ್ನು ಪರೀಕ್ಷೆ ಪೇಪರಿನ ಹಾಗೆ ನನಗೆ ಒಡ್ಡಿ ಕಣ್ಣು ಮುಚ್ಚುತ್ತಿದ್ದ.
ಮೇ, ಏನೂ ಇಲ್ಲ. ಜೂನ್, ಮಳೆ ಬಂತು, ಏನೂ ಇಲ್ಲ.
ಜುಲೈಯಲ್ಲಿ ಹುಡುಗನ ಮೊದಲ ಮೀಸೆಯಷ್ಟು ಒಂದು ನೆರಳು,
ಬೆರಳಿಗೆ ತಾಗಿತು, ಕಣ್ಣಿಗಲ್ಲ.
ಇದೆ ಅಂದೆ.
ಎಷ್ಟಿದೆ ಅಂದ.
ಇದೆ ಅಂದೆ.

ಹುತ್ತರಿ ಹೊತ್ತಿಗೆ ಬಂದಷ್ಟು ಬಂತು.
ಹತ್ತಡಿ ದೂರಕ್ಕೆ ಕೂದಲು.
ಎರಡಡಿಗೆ, ಕೂದಲ ಸಂದಿಯಲ್ಲಿ ಬಿದ್ದಪ್ಪ.
ಒದ್ದೆಯಾದರೆ, ಈ ಊರಲ್ಲಿ ಒದ್ದೆಯಾಗದೆ ಇರುವುದು ಹೇಗೆ,
ನಾಟಿ ಮುಗಿದ ಸಂಜೆಯ ಗದ್ದೆ,
ಪೈರಿಗಿಂತ ನೀರೇ ಜಾಸ್ತಿ.
ಸುಳಿಯ ಸುತ್ತ ಖಾಲಿ. ಅಲ್ಲಿಗೆ ಬುಡ ಉಳಿಯಲಿಲ್ಲ.

ಏಪ್ರಿಲಿನಲ್ಲಿ ಮದುವೆ. ಹುಡುಗಿ ದೇಚಮ್ಮ, ಅಮ್ಮತ್ತಿಯಲ್ಲಿ ನರ್ಸು.
ಬಿಳಿ ಕುಪ್ಯ, ಕೆಂಪು ಚೇಲೆ, ಪೀಚೆಕತ್ತಿ,
ತಲೆಗೆ ಮಂಡೆ ತುಣಿ.
ಬೆಳಗಿನಿಂದ ಸಂಜೆಯವರೆಗೆ ಆ ಪೇಟದ ಕೆಳಗೆ
ಎರಡು ಸಾವಿರದ ಇನ್ನೂರೂ ಬೆವರುತ್ತ ಕೂತಿದ್ದವು.
ಒಂದು ಫೋಟೋದಲ್ಲೂ ಇಲ್ಲ.
ಊಟಕ್ಕೆ ಕೂತವನು ನಾನು ಆ ಪೇಟವನ್ನೇ ನೋಡುತ್ತಿದ್ದೆ.

ಮೊನ್ನೆ ಬಂದ. ಕತ್ತರಿ ಇಟ್ಟು ಹಿಂದಿನ ಕನ್ನಡಿ ಹಿಡಿದೆ,
ಸ್ವಲ್ಪ ಓರೆ, ವರ್ಷದಿಂದ ಹಿಡಿಯುವ ಹಾಗೇ,
ಕಿತ್ತ ಜಾಗದ ಬಿಳಿ ಚುಕ್ಕಿ, ಸುಳಿಯ ಖಾಲಿ
ಚೌಕಟ್ಟಿಗೆ ಸಿಗದ ಹಾಗೆ.
ಮುಂದೆ ಬಂದದ್ದನ್ನು ಊರು ನೋಡಲಿ,
ಹಿಂದೆ ಹೋದದ್ದು ನನ್ನೊಬ್ಬನ ಪಾಲಿಗಿರಲಿ ಅಂದುಕೊಂಡಿದ್ದೆ.

"ನೆಟ್ಟಗೆ ಹಿಡಿ, ಮೊಯ್ದೂ. ದೇಚು ಆಗಲೇ ಎಣಿಸಿ ಆಗಿದೆ."

ನೆಟ್ಟಗೆ ಹಿಡಿದೆ.
ನೋಡಿದ, ಬೇರೆಯವರ ತೋಟವನ್ನು
ರಸ್ತೆಯಿಂದ ನೋಡುವಷ್ಟು ಹೊತ್ತು.
ಆಮೇಲೆ, "ಕಿವಿ ಹತ್ತಿರ ಇನ್ನೊಂಚೂರು ತೆಗಿ" ಅಂದ.